ಕೂದಲು ಸರಿಮಾಡಿಕೋ ಎಂದ ಕವಿ

1988ರಲ್ಲಿ ನಾನಿನ್ನೂ ಹೊಸ ಅಧ್ಯಾಪಕಿ. ಕಾಲೇಜಿನ ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದಾಗ ರೋಮಿನ ಕವಿ ಓವಿಡ್‌ನ ಒಂದು ಪ್ರೇಮ ಕವಿತೆಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದುಕೊಟ್ಟೆ. ‘ಪಶ್ಚಾತ್ತಾಪ’ ಎಂದು ಹೆಸರಿಟ್ಟೆ. ಎಲ್ಲರೂ ಮೆಚ್ಚಿದರು. ಹೋಲಿಕೆಗಳು ಎಷ್ಟು ಸುಂದರ ಎಂದರು. ನನಗೂ ಹಾಗೇ ಅನ್ನಿಸಿತ್ತು. ಆ ಕವಿತೆ ಒಬ್ಬ ಗಂಡಸು ತನ್ನ ಪ್ರೇಯಸಿಯನ್ನು ಹೊಡೆದದ್ದರ ಬಗ್ಗೆ ಇದೆ ಎಂಬುದು ಯಾರಿಗೂ ದೊಡ್ಡ ವಿಷಯವಾಗಿ ಕಾಣಲಿಲ್ಲ. ಕಾಣದಂತೆ ಮಾಡಿದವಳು ನಾನೇ. ‘ಕೋಪದಲ್ಲಿ ಕೈ ತಪ್ಪಿತು’ ಎಂದು ಬರೆದಿದ್ದೆ.

ನಿವೃತ್ತಿಯಾದ ಮೇಲೆ ನಿಘಂಟು, ವ್ಯಾಕರಣ ಪುಸ್ತಕ ಇಟ್ಟುಕೊಂಡು ಅಷ್ಟಿಷ್ಟು ಲ್ಯಾಟಿನ್ ಕಲಿತೆ. ಮೂಲದಲ್ಲಿ ಆ ಕವಿತೆಯನ್ನು ಬಿಡಿಸಿ ಓದಿದ ದಿನ ನಾಚಿಕೆಯಾಯಿತು. ಅಲ್ಲಿ ಕೈ ತಪ್ಪಿಲ್ಲ. ಹಣೆಯ ಮೇಲಿನ ಕೂದಲನ್ನು ಹಿಡಿದೆಳೆದಿದ್ದಾನೆ, ಕೆನ್ನೆಯನ್ನು ಉಗುರಿನಿಂದ ಗೀರಿದ್ದಾನೆ. ಕವಿ ಅದನ್ನು ನೇರವಾಗಿಯೇ ಹೇಳಿದ್ದಾನೆ. ಅವನು ಮುಚ್ಚಿಡದಿದ್ದುದನ್ನು ನಾನು ಮುಚ್ಚಿಟ್ಟಿದ್ದೆ.

ವರದಕ್ಷಿಣೆ, ಹೊಡೆತ ಬಡಿತಗಳ ಬಗ್ಗೆ ಬರೆಯುವ ಪತ್ರಿಕೆಯಲ್ಲಿ 2000 ವರ್ಷ ಹಿಂದಿನ ರೋಮಿನ ಮಾತೇಕೆ ಎಂದು ನೀವು ಕೇಳಬಹುದು. ಸ್ವಲ್ಪ ತಾಳ್ಮೆಯಿಂದ ಓದಿ ಎಂದು ಕೇಳಿಕೊಳ್ಳುತ್ತೇನೆ.

ಓವಿಡ್ ಹುಟ್ಟಿದ್ದು ಕ್ರಿ.ಪೂ. 43ರಲ್ಲಿ, ಇಟಲಿಯ ಸುಲ್ಮೋ ಎಂಬ ಊರಿನಲ್ಲಿ. ಅವನ ಮೊದಲ ಪ್ರೇಮ ಕವಿತೆಗಳ ಸಂಗ್ರಹ ‘ಅಮೋರೆಸ್’. ನಾನು ಹೇಳುತ್ತಿರುವುದು ಅದರ ಮೊದಲ ಭಾಗದ 7ನೇ ಕವಿತೆ. ನನ್ನ ಕೈಗೆ ಕೋಳ ಹಾಕಿ ಎಂದು ಅವನು ಗೆಳೆಯರನ್ನು ಕೇಳಿಕೊಳ್ಳುವಲ್ಲಿಂದ ಅದು ಆರಂಭವಾಗುತ್ತದೆ. ತನಗೆ ಹುಚ್ಚು ಹಿಡಿದಿತ್ತು ಎನ್ನುತ್ತಾನೆ, ಹುಚ್ಚು ಹಿಡಿದ ಪುರಾಣದ ವೀರರಿಗೆ ತನ್ನನ್ನು ಹೋಲಿಸಿಕೊಳ್ಳುತ್ತಾನೆ. ಕೂದಲು ಕೆದರಿದ್ದರೂ ಅವಳು ಚೆಲುವೆಯಾಗಿಯೇ ಕಂಡಳಂತೆ. ಅದಕ್ಕೂ ಪುರಾಣದ ಮೂವರು ಹೆಣ್ಣುಗಳ ಹೋಲಿಕೆ. ನಡುವೆ ಒಂದು ಒಳ್ಳೆಯ ಪ್ರಶ್ನೆ ಕೇಳುತ್ತಾನೆ. ರೋಮಿನ ತೀರಾ ಬಡ ಪ್ರಜೆಯನ್ನು ಹೊಡೆದಿದ್ದರೂ ನನಗೆ ಶಿಕ್ಷೆಯಾಗುತ್ತಿತ್ತು, ಇವಳ ಮೇಲೆ ಮಾತ್ರ ನನಗೆ ಹೆಚ್ಚಿನ ಹಕ್ಕಿದೆಯೇ ಎಂದು. ಒಬ್ಬ ಹುಡುಗಿಯನ್ನು ಗೆದ್ದ ಮಹಾವೀರ, ಮೆರವಣಿಗೆ ಮಾಡಿಕೋ ಎಂದು ತನ್ನನ್ನೇ ಹಂಗಿಸಿಕೊಳ್ಳುತ್ತಾನೆ. ಆಮೇಲೆ ಅವಳ ಕಡೆ ನೋಡುತ್ತಾನೆ. ಅವಳು ಅಮೃತಶಿಲೆಯಂತೆ ಬಿಳಿಚಿಕೊಂಡು ನಿಂತಿದ್ದಾಳೆ, ಗಾಳಿಗೆ ಎಲೆ ಅದುರುವಂತೆ ನಡುಗುತ್ತಿದ್ದಾಳೆ. ಮೂರು ಬಾರಿ ಅವಳ ಕಾಲಿಗೆ ಬೀಳಹೋಗುತ್ತಾನೆ, ಮೂರು ಬಾರಿಯೂ ಅವಳು ಆ ಕೈಗಳನ್ನು ತಳ್ಳುತ್ತಾಳೆ. ಬೇಕಾದರೆ ನನ್ನ ಮುಖ ಪರಚು ಎನ್ನುತ್ತಾನೆ. ಕೊನೆಯಲ್ಲಿ ಹೇಳುವ ಮಾತೆಂದರೆ, ನನ್ನ ತಪ್ಪಿನ ಗುರುತು ಉಳಿಯದಂತೆ ನಿನ್ನ ಕೂದಲನ್ನಾದರೂ ಸರಿಮಾಡಿಕೋ ಎಂದು.

ನಮ್ಮ ಬೀದಿಯ ಸಂಘದಲ್ಲಿ ಲೆಕ್ಕದ ಪುಸ್ತಕ ಬರೆಯುವ ಕೆಲಸ ನನ್ನದು. ಒಂದು ಶನಿವಾರ ಉಳಿತಾಯದ ಹಣ ಕಟ್ಟಿಸಿಕೊಂಡಾದ ಮೇಲೆ, ಈ ವಯಸ್ಸಿನಲ್ಲಿ ಅದೇನು ಓದುತ್ತೀರಿ ಎಂದು ಕೇಳಿದರು. ಈ ಕವಿತೆಯನ್ನು ಕಥೆಯಂತೆ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹೂವು ಕಟ್ಟಿ ಮಾರುವ ಒಬ್ಬಾಕೆ, ‘ಕೊನೇಗೆ ಅದೇ ಅಲ್ವಾ ಮೇಡಂ. ನಮ್ಮನೇಲೂ ಮುಖ ತೊಳ್ಕೊ, ಜಡೆ ಹಾಕ್ಕೊ, ಅಕ್ಕಪಕ್ಕದೋರು ಏನಂದ್ಕೊಂಡಾರು ಅಂತಾರೆ. ಜಡೆ ಹಾಕ್ಕೊಂಡ್ರೆ ಏನೂ ನಡ್ದೇ ಇಲ್ಲ’ ಎಂದಳು. ಇನ್ನೊಬ್ಬಳು, ‘ಅದ್ಸರಿ, ಅವಳೇನಂದ್ಲು?’ ಎಂದು ಕೇಳಿದಳು.

ಎಂ.ಎ. ಮಾಡಿ, ಮೂವತ್ತು ವರ್ಷ ಪಾಠ ಹೇಳಿದ ನಾನು ಈ ಎರಡು ಮಾತುಗಳನ್ನು ಎಂದೂ ತರಗತಿಯಲ್ಲಿ ಆಡಿರಲಿಲ್ಲ. ಅವಳು ಏನೂ ಅನ್ನುವುದಿಲ್ಲ. ಇಡೀ ಕವಿತೆಯಲ್ಲಿ ಅವಳದು ಒಂದು ಮಾತೂ ಇಲ್ಲ. ಹೆದರಿಕೆಯಿಂದ ಅವಳ ನಾಲಿಗೆ ಕಟ್ಟಿಹೋಗಿತ್ತು ಎಂದು ಕವಿಯೇ ಹೇಳುತ್ತಾನೆ.

ಇದು ಕವಿ ಅಂಥ ಗಂಡಸರನ್ನು ಗೇಲಿ ಮಾಡಿರುವುದು, ಅವರ ನಾಟಕವನ್ನು ಬಯಲಿಗೆಳೆದಿರುವುದು ಎಂದು ವಾದಿಸುವ ವಿದ್ವಾಂಸರಿದ್ದಾರೆ. ಇರಬಹುದು, ಆ ಕೊನೆಯ ಮಾತು ಓದಿದಾಗ ನನಗೂ ಹಾಗೆ ಅನ್ನಿಸುತ್ತದೆ. ಆದರೆ ಅದೇ ಕವಿ ಹಲವು ವರ್ಷಗಳ ನಂತರ ಬರೆದ ‘ಪ್ರೇಮಕಲೆ’ ಎಂಬ ಕಾವ್ಯದಲ್ಲಿ ಇಂಥದೇ ಪ್ರಸಂಗವನ್ನು ನೆನೆಸಿಕೊಳ್ಳುತ್ತಾನೆ. ಅಲ್ಲಿ ಕೆನ್ನೆಯ ಗಾಯವಿಲ್ಲ. ಸಿಟ್ಟಿನಲ್ಲಿ ಅವಳ ಕೂದಲು ಕೆದರಿದೆ, ಅದರಿಂದ ಎಷ್ಟೋ ದಿನ ನಷ್ಟವಾಯಿತು ಎಂದಷ್ಟೇ ಇದೆ. ಅವಳ ಬಟ್ಟೆ ಹರಿದ ನೆನಪು ನನಗಿಲ್ಲ, ಅವಳು ಹರಿದೆ ಎಂದಳು, ದುಡ್ಡು ನಾನು ತೆತ್ತೆ ಎಂದು ಗೊಣಗುತ್ತಾನೆ. ವರ್ಷ ಕಳೆದಂತೆ ಹೊಡೆತ ಚಿಕ್ಕದಾಗುತ್ತದೆ, ಖರ್ಚು ದೊಡ್ಡದಾಗುತ್ತದೆ. ಪಂಚಾಯಿತಿಯಲ್ಲಿ ಕೂತವರಿಗೆ ಇದು ಹೊಸದೇ? ಅದೇ ಪುಸ್ತಕದ ಇನ್ನೊಂದು ಕಡೆ ಹೆಣ್ಣಿಗೆ ಬಲಾತ್ಕಾರ ಇಷ್ಟ ಎಂದೂ ಬರೆದಿದ್ದಾನೆ. ಈ ಸುಳ್ಳು ಎಷ್ಟು ಹಳೆಯದು ನೋಡಿ.

ಅವನ ಕಾಲದ ಬೇರೆ ಕವಿಗಳೂ ಈ ಮಾತು ಎತ್ತಿದ್ದಾರೆ. ಟಿಬುಲ್ಲಸ್ ಎಂಬಾತ, ಪ್ರೇಯಸಿಯನ್ನು ಹೊಡೆಯುವವನು ಕಲ್ಲು, ಕಬ್ಬಿಣ ಎಂದು ಬೈಯುತ್ತಾನೆ. ಆದರೆ ಬಟ್ಟೆ ಹರಿದು, ಕೂದಲು ಕೆದರಿ, ಅಳಿಸಿದರೆ ಸಾಕು ಎಂದೂ ಸೇರಿಸುತ್ತಾನೆ. ಪ್ರೊಪರ್ಷಿಯಸ್ ಎಂಬಾತ, ಅಂಥದನ್ನೆಲ್ಲ ಹಳ್ಳಿ ಗಮಾರ ಮಾಡಲಿ, ನಾನು ಕವಿ, ಅವಳ ಹೆಸರು ಕೆಡುವಂಥ ಪದ್ಯ ಬರೆಯುತ್ತೇನೆ ಎನ್ನುತ್ತಾನೆ. ಒಬ್ಬ ದೌರ್ಜನ್ಯಕ್ಕೆ ಮಿತಿ ಹಾಕುತ್ತಾನೆ, ಇನ್ನೊಬ್ಬ ಅದು ಓದದವರ ಕೆಲಸ ಎನ್ನುತ್ತಾನೆ. ‘ಒಂದೇಟು ಹಾಕಿದ್ದಕ್ಕೆ ಇಷ್ಟು ರಾದ್ಧಾಂತವೇ’, ‘ಓದಿದವರ ಮನೆಯಲ್ಲಿ ಇದೆಲ್ಲ ನಡೆಯುವುದಿಲ್ಲ’ ಎಂಬ ಎರಡು ಮಾತನ್ನೂ ನಾವು ದಿನಾ ಕೇಳುತ್ತೇವೆ. ಓದಿದವರ ಮನೆಯಲ್ಲೂ ನಡೆಯುತ್ತದೆ ಎಂದು ನನ್ನ ಸಹೋದ್ಯೋಗಿಗಳ ನಡುವೆ ಬದುಕಿದ ನಾನು ಹೇಳಬಲ್ಲೆ.

ಹಾಗಾದರೆ ಇಂಥ ಕವಿತೆಗಳನ್ನು ಕಟ್ಟಿ ಅಟ್ಟಕ್ಕೆ ಹಾಕೋಣವೇ? 2015ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಈ ಚರ್ಚೆ ಎದ್ದಿತ್ತು. ಓವಿಡ್‌ನದೇ ‘ಮೆಟಮಾರ್ಫಸಿಸ್’ ಕಾವ್ಯದಲ್ಲಿ ಹೆಣ್ಣುಗಳ ಮೇಲಿನ ಅತ್ಯಾಚಾರದ ಪ್ರಸಂಗಗಳಿವೆ. ಪಾಠದಲ್ಲಿ ಭಾಷೆಯ ಸೌಂದರ್ಯವನ್ನಷ್ಟೇ ಹೊಗಳಿದರೆ, ತಾನೇ ಅಂಥ ದಾಳಿಗೆ ಒಳಗಾದ ಹುಡುಗಿ ಬೆಂಚಿನಲ್ಲಿ ಕುಳಿತು ಅದನ್ನು ಹೇಗೆ ಕೇಳಬೇಕು ಎಂದು ವಿದ್ಯಾರ್ಥಿಗಳು ಅಲ್ಲಿನ ವಿದ್ಯಾರ್ಥಿ ಪತ್ರಿಕೆಯಲ್ಲಿ ಬರೆದರು. ಹಲವರು ಅವರನ್ನು ನಾಜೂಕು ಮಕ್ಕಳು ಎಂದು ಹೀಯಾಳಿಸಿದರು. ನನಗೆ ಅವರ ಪ್ರಶ್ನೆ ಸರಿ ಅನ್ನಿಸಿತು. ನಾನು ಸೌಂದರ್ಯವನ್ನಷ್ಟೇ ಹೊಗಳಿದ ಅಧ್ಯಾಪಕಿಯಾಗಿದ್ದೆ. ನನ್ನ ಬೆಂಚುಗಳಲ್ಲಿ ಯಾರು ಕುಳಿತಿದ್ದರೋ!

ಆದರೆ ಓದುವುದನ್ನು ಬಿಡಬಾರದು, ಓದುವ ರೀತಿಯನ್ನು ತಿದ್ದಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಅನುವಾದಕರ ಹೊಣೆ ಇದರಲ್ಲಿ ದೊಡ್ಡದು. 2022ರಲ್ಲಿ ಸ್ಟೆಫನಿ ಮೆಕಾರ್ಟರ್ ಎಂಬ ಅಮೆರಿಕದ ಪ್ರಾಧ್ಯಾಪಕಿ ‘ಮೆಟಮಾರ್ಫಸಿಸ್’ನ ಹೊಸ ಇಂಗ್ಲಿಷ್ ಅನುವಾದ ತಂದರು. ಹಿಂದಿನವರು ಮೆತ್ತಗಿನ ಮಾತಿನಲ್ಲಿ ಮುಚ್ಚಿದ್ದ ಕಡೆ ಅವರು ಬಲಾತ್ಕಾರವನ್ನು ಬಲಾತ್ಕಾರ ಎಂದೇ ಬರೆದರು. ಇದು ಮೂಲವನ್ನು ತಿದ್ದಿದ್ದಲ್ಲ, ಮೂಲಕ್ಕೆ ನಿಷ್ಠರಾಗಿದ್ದದ್ದು. ನಾನೂ ನನ್ನ ಹಳೆಯ ಅನುವಾದವನ್ನು ಮತ್ತೆ ಬರೆಯುತ್ತಿದ್ದೇನೆ. ‘ಪಶ್ಚಾತ್ತಾಪ’ ಎಂಬ ಹೆಸರು ಹೋಯಿತು. ‘ಕೈ ತಪ್ಪಿತು’ ಎಂದಿದ್ದಲ್ಲಿ ‘ಹೊಡೆದೆ’ ಎಂದಿದೆ.

ನಮ್ಮ ಭಾಷೆಯಲ್ಲೂ ಮುಚ್ಚುವ ಮಾತುಗಳಿಗೆ ಕೊರತೆಯಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತೇವೆ. ವರದಕ್ಷಿಣೆಗೆ ‘ಮಗಳಿಗೆ ಪ್ರೀತಿಯಿಂದ ಕೊಟ್ಟದ್ದು’ ಎನ್ನುತ್ತೇವೆ. ರೋಮಿನಲ್ಲೂ ವರದಕ್ಷಿಣೆ ಇತ್ತು. ಹೆಣ್ಣಿನ ಕಡೆಯವರು ಗಂಡನಿಗೆ ಕೊಡುತ್ತಿದ್ದರು. ಆದರೆ ವಿಚ್ಛೇದನವಾದರೆ ಸಾಮಾನ್ಯವಾಗಿ ಅದನ್ನು ಹಿಂತಿರುಗಿಸಬೇಕಿತ್ತು. ವರದಕ್ಷಿಣೆಯಾಗಿ ಬಂದ ಇಟಲಿಯ ಜಮೀನನ್ನು ಹೆಂಡತಿಯ ಒಪ್ಪಿಗೆಯಿಲ್ಲದೆ ಗಂಡ ಮಾರುವಂತಿಲ್ಲ ಎಂಬ ನಿಯಮ ಅಗಸ್ಟಸ್ ದೊರೆಯ ಕಾಲದಲ್ಲೇ ಬಂತು. ಜಮೀನಿಗೆ ರಕ್ಷಣೆಯಿತ್ತು. ಕೆನ್ನೆಗೆ ಇತ್ತೇ ಎಂಬುದು ಓವಿಡ್ ಕೇಳಿದ ಪ್ರಶ್ನೆ.

ನಮ್ಮಲ್ಲಿ ಆ ಪ್ರಶ್ನೆಗೆ ಕಾನೂನಿನ ಉತ್ತರವಾದರೂ ಇದೆ, ಮಹಿಳಾ ಚಳವಳಿ ಹೋರಾಡಿ ಪಡೆದದ್ದು. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಇದೆ. 1983ರಲ್ಲಿ ಬಂದ 498ಎ ಕಲಮು 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಾಗಿದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ತಾಳಿ ಕಟ್ಟಿಸಿಕೊಂಡವಳಿಗೆ ಮಾತ್ರವಲ್ಲ, ಮದುವೆಯಂಥ ಸಂಬಂಧದಲ್ಲಿ ಜೊತೆಗೆ ಬಾಳಿದವಳಿಗೂ ಅನ್ವಯಿಸುತ್ತದೆ. ಆದರೆ ಕಾನೂನಿನ ಮುಂದೆ ಹೋಗಲು ಮೊದಲು ಆದದ್ದನ್ನು ಅದರ ಹೆಸರಿನಿಂದ ಕರೆಯಬೇಕು. ‘ಜಾರಿ ಬಿದ್ದೆ’ ಎಂದು ಆಸ್ಪತ್ರೆಯಲ್ಲಿ ಬರೆಸಿದರೆ ಚೀಟಿಯಲ್ಲಿ ಉಳಿಯುವುದು ಜಾರಿ ಬಿದ್ದದ್ದೇ.

‘ಅವಳೇನಂದ್ಲು’ ಎಂದು ಕೇಳಿದ ಗೆಳತಿಗೆ ನಾನು ಮುಂದಿನ ಶನಿವಾರ ಸುಲ್ಪಿಸಿಯಾಳ ಬಗ್ಗೆ ಹೇಳಿದೆ. ಅದೇ ಕಾಲದ ರೋಮಿನ ಹೆಣ್ಣುಮಗಳು. ಅವಳ ಹೆಸರಿನಲ್ಲಿ ಉಳಿದಿರುವುದು ಆರೇ ಪುಟ್ಟ ಕವಿತೆಗಳು, ಎಲ್ಲ ಸೇರಿ 40 ಸಾಲು. ಅವೂ ಟಿಬುಲ್ಲಸ್‌ನ ಪುಸ್ತಕದೊಳಗೆ ಸೇರಿಕೊಂಡು ಬಂದವು. ಹೆಣ್ಣು ಬರೆದಿರಲಾರಳು ಎಂದು ಅನುಮಾನಿಸಿದವರೂ ಉಂಟು. ಒಂದರಲ್ಲಿ, ಹುಟ್ಟುಹಬ್ಬದ ದಿನ ತನ್ನನ್ನು ಕೇಳದೆ ಹಳ್ಳಿಗೆ ಕರೆದೊಯ್ಯುತ್ತಿರುವ ಹಿರಿಯರ ಮೇಲೆ ಸಿಟ್ಟಾಗುತ್ತಾಳೆ. ನನ್ನ ನಿರ್ಧಾರ ನನ್ನ ಕೈಯಲ್ಲಿಲ್ಲ, ಮನಸ್ಸನ್ನು ಮಾತ್ರ ಇಲ್ಲೇ ಬಿಟ್ಟುಹೋಗುತ್ತೇನೆ ಎನ್ನುತ್ತಾಳೆ. ಹೊಡೆಸಿಕೊಂಡವಳ ಉತ್ತರ ಇದಲ್ಲ. ಆದರೂ ಗಂಡಸರೇ ಮಾತಾಡುವ ಆ ಪುಸ್ತಕಗಳ ರಾಶಿಯಲ್ಲಿ ಒಬ್ಬಳು ತನ್ನ ಬಾಯಿಂದ ತಾನೇ ಮಾತಾಡಿದ್ದಾಳೆ. 40 ಸಾಲಾದರೂ ಉಳಿಯಿತಲ್ಲ ಎಂದು ಸಂಘದವರಿಗೆ ಸಂತೋಷವಾಯಿತು.

ಗೆಳತಿಯರೇ, ನನ್ನ ಕೋರಿಕೆ ಇಷ್ಟೇ. ಹೊಡೆದವನು ಅತ್ತರೆ, ಕಾಲು ಹಿಡಿದರೆ, ಚೆಂದದ ಮಾತಾಡಿದರೆ ಕೊನೆಗೆ ಅವನು ಏನು ಕೇಳುತ್ತಾನೆ ಎಂದು ಗಮನಿಸಿ. ಕೂದಲು ಸರಿಮಾಡಿಕೋ ಎಂದರೆ ಅವಸರ ಮಾಡಬೇಡಿ. ಮೊದಲು ಸಂಘದ ಒಬ್ಬ ಗೆಳತಿಗಾದರೂ ಆ ಮುಖ ತೋರಿಸಿ, ಆದದ್ದನ್ನು ಆದ ಹಾಗೆ ಹೇಳಿ, ದಿನಾಂಕ ಹಾಕಿ ಬರೆಸಿಡಿ. ಮಹಿಳಾ ಸಹಾಯವಾಣಿ 181ಕ್ಕೆ ಫೋನು ಮಾಡಿ. ಜಡೆ ಆಮೇಲೆ ಹಾಕಿಕೊಳ್ಳಬಹುದು.