ಮಾತ್ರೆ ಎಂದರೆ ಅಳತೆ

ಕನ್ನಡದಲ್ಲಿ ಗುಳಿಗೆಗೆ ಮಾತ್ರೆ ಎನ್ನುತ್ತೇವೆ. ಛಂದಸ್ಸು ಓದಿದವರಿಗೆ ಗೊತ್ತು, ಮಾತ್ರೆ ಎಂದರೆ ಅಳತೆ. ‘ಎಷ್ಟು’ ಎಂಬ ಎಚ್ಚರ ಔಷಧದ ಹೆಸರಿನಲ್ಲೇ ಇರುವ ಭಾಷೆ ನಮ್ಮದು. ಆದರೆ ವೈದ್ಯರು ಬರೆದುಕೊಡುವ ಚೀಟಿಯಲ್ಲಿ ನಮಗೆ ಓದಲು ಬಾರದಿರುವುದು ಈ ‘ಎಷ್ಟು’ ಎಂಬುದೇ. ಕಾಯಿಲೆ ನಮ್ಮದು, ದೇಹ ನಮ್ಮದು, ದುಡ್ಡೂ ನಮ್ಮದು. ಚೀಟಿ ಮಾತ್ರ ವೈದ್ಯರು ಮೆಡಿಕಲ್ ಶಾಪಿನವರಿಗೆ ಬರೆದ ಗುಟ್ಟಿನ ಪತ್ರ. ಅದನ್ನು ಒಯ್ದು ಮುಟ್ಟಿಸುವುದಷ್ಟೇ ನಮ್ಮ ಕೆಲಸ.

ವೈದ್ಯರ ಕೈಬರಹವನ್ನು ನಾವೆಲ್ಲ ತಮಾಷೆಯ ವಿಷಯ ಮಾಡಿಕೊಂಡಿದ್ದೇವೆ. ಈ ನಗು ನಿಲ್ಲಬೇಕು. 1995ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ವೈದ್ಯರೊಬ್ಬರು ಹೃದ್ರೋಗಿಗೆ ಐಸಾರ್ಡಿಲ್ ಎಂಬ ಔಷಧವನ್ನು 20 ಮಿಲಿಗ್ರಾಮಿನಂತೆ ಆರು ಗಂಟೆಗೊಮ್ಮೆ ಬರೆದರು. ಅಂಗಡಿಯವರು ಅದನ್ನು ಪ್ಲೆಂಡಿಲ್ ಎಂದು ಓದಿದರು. ಪ್ಲೆಂಡಿಲ್ ದಿನಕ್ಕೆ 10 ಮಿಲಿಗ್ರಾಂ ಮೀರಬಾರದು. ಚೀಟಿಯ ಲೆಕ್ಕದಲ್ಲಿ ಅದು 80 ಆಯಿತು. ರೋಗಿ ತೀರಿಕೊಂಡರು. 1999ರಲ್ಲಿ ಜ್ಯೂರಿಯು ವೈದ್ಯರು ಮತ್ತು ಅಂಗಡಿಯವರು ಸೇರಿ 4,50,000 ಡಾಲರ್ ಪರಿಹಾರ ಕೊಡಬೇಕೆಂದು ಹೇಳಿತು. ಅಕ್ಷರ ಕೆಟ್ಟದಾಗಿತ್ತು, ನಿಜ. ಆದರೆ ಇಪ್ಪತ್ತನ್ನು ನಾಲ್ಕರಿಂದ ಗುಣಿಸಿ ನೋಡಿದ್ದರೆ ಅಂಗಡಿಯ ಕಟ್ಟೆಯಲ್ಲೇ ತಪ್ಪು ಸಿಕ್ಕಿಬೀಳುತ್ತಿತ್ತು. ಅಂದರೆ ಇದು ಬರಹದ ಪ್ರಶ್ನೆ ಮಾತ್ರವಲ್ಲ, ಲೆಕ್ಕದ ಪ್ರಶ್ನೆ ಕೂಡ.

ನಮ್ಮಲ್ಲಿ ನಿಯಮಗಳಿಗೇನೂ ಕೊರತೆಯಿಲ್ಲ. ಔಷಧದ ಜನರಿಕ್ ಹೆಸರನ್ನು ಸ್ಪಷ್ಟವಾಗಿ, ಆದಷ್ಟೂ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಅಂದಿನ ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲಿ ನಿಯಮ ತಿದ್ದಿತು. ಓದಲು ಬರುವ ಚೀಟಿ ಪಡೆಯುವುದು ಸಂವಿಧಾನದ 21ನೇ ವಿಧಿಯಡಿ ರೋಗಿಯ ಹಕ್ಕು ಎಂದು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2025ರಲ್ಲಿ ಹೇಳಿತು. ಆಸ್ಪತ್ರೆಯ ಬಾಗಿಲಲ್ಲಿ ನಿಂತು ಹತ್ತು ಚೀಟಿ ನೋಡಿದರೆ ಈ ನಿಯಮಗಳ ಆಯಸ್ಸು ಎಷ್ಟೆಂದು ತಿಳಿಯುತ್ತದೆ.

ಹಾಗಾದರೆ ಕಂಪ್ಯೂಟರಿನಲ್ಲಿ ಮುದ್ರಿಸಿ ಕೊಟ್ಟರೆ ಸಾಕೇ? ಸಾಲದು. ಮಗುವಿಗೆ ಜ್ವರ ಬಂದಾಗ ಕೊಡುವ ಪ್ಯಾರಸಿಟಮಾಲನ್ನೇ ನೋಡೋಣ. ಒಂದು ಸಲಕ್ಕೆ ಮಗುವಿನ ತೂಕದ ಪ್ರತಿ ಕಿಲೋಗೆ 10ರಿಂದ 15 ಮಿಲಿಗ್ರಾಂ. ಹತ್ತು ಕಿಲೋ ಮಗುವಿಗೆ ಹೆಚ್ಚೆಂದರೆ 150. ಆದರೆ ಅಂಗಡಿಯಲ್ಲಿ ಸಿಗುವ ಬಾಟಲಿಗಳು ಒಂದೇ ಬಗೆಯವಲ್ಲ. ಡ್ರಾಪ್ಸ್‌ನಲ್ಲಿ ಒಂದು ಮಿಲಿಲೀಟರಿಗೇ 100 ಮಿಲಿಗ್ರಾಂ ಇರುತ್ತದೆ. ಸಿರಪ್ಪಿನಲ್ಲಿ ಐದು ಮಿಲಿಲೀಟರಿಗೆ 120 ಇರಬಹುದು, 250 ಇರಬಹುದು. ಅದೇ 150 ಮಿಲಿಗ್ರಾಂ ಡ್ರಾಪ್ಸ್‌ನಲ್ಲಿ ಒಂದೂವರೆ ಮಿಲಿಲೀಟರ್, ತೆಳು ಸಿರಪ್ಪಿನಲ್ಲಿ ಆರೂಕಾಲು, ಗಟ್ಟಿ ಸಿರಪ್ಪಿನಲ್ಲಿ ಮೂರು. ಚೀಟಿಯಲ್ಲಿ ಬರೀ ‘ಐದು ಮಿಲಿ’ ಎಂದಿದ್ದು ಮನೆಯಲ್ಲಿ ಡ್ರಾಪ್ಸ್ ಇದ್ದರೆ ಮಗುವಿನ ಹೊಟ್ಟೆಗೆ 500 ಮಿಲಿಗ್ರಾಂ ಹೋಗುತ್ತದೆ. ಮೇಲಿಂದ ಮೇಲೆ ಹೀಗಾದರೆ ಯಕೃತ್ತು ಕೆಡುತ್ತದೆ. ಇನ್ನು ‘ಒಂದು ಚಮಚ’ ಎಂದು ಬರೆದರಂತೂ ಯಾರ ಮನೆಯ ಚಮಚ?

ಇನ್ಸುಲಿನ್ ಇನ್ನೂ ಕಠಿಣ. ನಮ್ಮಲ್ಲಿ ಮಿಲಿಲೀಟರಿಗೆ 40 ಯೂನಿಟ್ಟಿನದೂ ಇದೆ, 100 ಯೂನಿಟ್ಟಿನದೂ ಇದೆ. ಎರಡಕ್ಕೂ ಸಿರಿಂಜು ಬೇರೆ. 40ರ ಸಿರಿಂಜಿನಲ್ಲಿ 100ರ ಇನ್ಸುಲಿನ್ನನ್ನು ಹತ್ತರ ಗೆರೆಯವರೆಗೆ ಎಳೆದರೆ ಮೈಗೆ ಸೇರುವುದು 25 ಯೂನಿಟ್. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ನುಂಗುವ ಮಾತ್ರೆ. ದಿನಾ ನುಂಗಿದರೆ ಅದೇ ವಿಷ. ಇದನ್ನೆಲ್ಲ ತಿಳಿಯಬೇಕಾದವರು ಯಾರು? ರಾತ್ರಿ ಹತ್ತು ಗಂಟೆಗೆ ದೀಪದ ಕೆಳಗೆ ಸಿರಿಂಜು ಹಿಡಿದು ನಿಲ್ಲುವ ಸೊಸೆ ಅಲ್ಲವೇ? ಅವಳಿಗೆ ಬಿ.ಡಿ., ಟಿ.ಡಿ.ಎಸ್., ಎಸ್.ಒ.ಎಸ್. ಎಂಬ ಲ್ಯಾಟಿನ್ ಗಿಣಿಪಾಠದಿಂದ ಏನು ಪ್ರಯೋಜನ?

2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆಯವರು ಸರ್ಕಾರಿ ವೈದ್ಯರು ಚೀಟಿಯನ್ನು ಕನ್ನಡದಲ್ಲಿ ಬರೆಯಲಿ ಎಂದು ಕೋರಿದರು. ಕೆಲವರು ಬರೆದರು, ಕೆಲವರು ನಕ್ಕರು. ನಾವು ನಗುವವರ ಜೊತೆಗಿಲ್ಲ. ಆದರೆ ಒಂದು ತಿದ್ದುಪಡಿ ನಮ್ಮದಿದೆ. ಔಷಧದ ಹೆಸರು ಇಂಗ್ಲಿಷ್ ದೊಡ್ಡಕ್ಷರಗಳಲ್ಲೇ ಇರಲಿ. ಸ್ಟ್ರಿಪ್ಪಿನ ಮೇಲೆ ಇರುವುದು ಅದೇ ಅಕ್ಷರ. ಮನೆಯಲ್ಲಿ ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸಲು ಬರಬೇಕು. ಫಾಲ್ಸಿಗೊ, ಫಾಲ್ಸಿಟ್ಯಾಬ್ ಎಂಬ ಎರಡು ಮಲೇರಿಯಾ ಔಷಧಗಳ ಹೆಸರಿನ ಜಗಳ 2001ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಮೂಲದಲ್ಲೇ ಇಷ್ಟು ಗೊಂದಲವಿರುವಾಗ ಲಿಪಿ ಬದಲಿಸಿ ಹೆಚ್ಚಿಸುವುದು ಬೇಡ. ಆದರೆ ಎಷ್ಟು, ಯಾವಾಗ, ಎಷ್ಟು ದಿನ, ಯಾತಕ್ಕೆ ಎಂಬ ನಾಲ್ಕು ಮಾತು ಕನ್ನಡದಲ್ಲೇ ಇರಬೇಕು. ಅವು ನಮಗೆ ಸೇರಿದ ಮಾತುಗಳು.

ಭಾಷೆ ನಮ್ಮದಾದ ಮಾತ್ರಕ್ಕೆ ಚೀಟಿ ನಮ್ಮದಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಹಕೀಮರು ನುಸ್ಖಾದ ತಲೆಯಲ್ಲಿ ‘ಹುವಶ್ಶಾಫಿ’, ಗುಣಪಡಿಸುವವನು ಅವನೇ, ಎಂದು ಬರೆಯುತ್ತಿದ್ದರು. ಕೆಳಗಿನ ತೊಲ, ಮಾಷಾ, ರತ್ತಿಗಳ ಲೆಕ್ಕ ಮುರಿದ ಶಿಕಸ್ತಾ ಬರಹದಲ್ಲಿದ್ದರೆ ಉರ್ದು ಬಲ್ಲವರೂ ತಡವರಿಸಬೇಕು. ಅದು ಅತ್ತಾರನಿಗೆ ಮಾತ್ರ ತಿಳಿದೀತು. ಗುಣಪಡಿಸುವವನು ಅವನೇ ಇರಬಹುದು, ಅಳೆದು ಕುಡಿಸುವವರು ನಾವು ತಾನೇ? ಓದಲಾಗದ ಚೀಟಿ ಇಂಗ್ಲಿಷಿನ ರೋಗವಲ್ಲ, ರೋಗಿಗೆ ತಿಳಿಯಬೇಕಾಗಿಲ್ಲ ಎನ್ನುವ ಹಳೆಯ ಠೀವಿಯ ರೋಗ.

ಒಂದು ಹೊತ್ತಿಗೆ ನೂರು ರೋಗಿಗಳಿದ್ದಾರೆ, ಬರೆಯಲು ಪುರುಸೊತ್ತೆಲ್ಲಿ ಎಂದು ವೈದ್ಯರು ಕೇಳುತ್ತಾರೆ. ಸರ್ಕಾರಿ ಆಸ್ಪತ್ರೆಯ ವೈದ್ಯರ ಮಟ್ಟಿಗೆ ಈ ಮಾತು ಸುಳ್ಳಲ್ಲ. ಹಾಗಿದ್ದರೆ ವಿವರಿಸುವ ಕೆಲಸಕ್ಕೆ ಫಾರ್ಮಸಿಸ್ಟರನ್ನು ಕೂರಿಸಿ ಎಂದು ಸರ್ಕಾರವನ್ನು ಕೇಳೋಣ. ಅಂಗಡಿಯಲ್ಲಿ ಸರ್ಟಿಫಿಕೇಟು ಗೋಡೆಗೆ ನೇತುಹಾಕಿ ಎಸ್ಸೆಸ್ಸೆಲ್ಸಿ ಹುಡುಗನ ಕೈಲಿ ಔಷಧ ಕೊಡಿಸುವ ಪದ್ಧತಿಯನ್ನೂ ಪ್ರಶ್ನಿಸೋಣ. ಆದರೆ ಸೊನ್ನೆ ಹಾಕದೆ ‘.5’ ಎಂದು ಬರೆದು ಅದನ್ನು ಐದು ಎಂದು ಓದುವಂತೆ ಮಾಡುವುದಕ್ಕೆ ಪುರುಸೊತ್ತಿನ ನೆಪ ಹೊಂದುವುದಿಲ್ಲ. ‘0.5’ ಎಂದು ಬರೆಯಲು ಎಷ್ಟು ಕ್ಷಣ ಬೇಕು?

ನಾವೂ ಬಾಯಿ ಬಿಡಬೇಕು. ರಂಜಾನಿನಲ್ಲಿ ಸಕ್ಕರೆ ಕಾಯಿಲೆಯವರು 1-0-1 ಎಂಬುದನ್ನು ತಾವೇ ಸಹರಿಗೆ, ಇಫ್ತಾರಿಗೆ ಹೊಂದಿಸಿಕೊಳ್ಳುತ್ತಾರೆ. ಯಾವುದಕ್ಕೆ ಎಷ್ಟು ಎಂದು ತಿಂಗಳ ಮೊದಲೇ ವೈದ್ಯರನ್ನು ಕೇಳುವವರು ಕಡಿಮೆ. ಕೇಳಿದರೆ ಬೈಯುತ್ತಾರೆ ಎಂಬ ಹೆದರಿಕೆ. ಬೈದರೆ ಬೈಯಲಿ. ಮಗುವಿನ ತೂಕ ಹೇಳಿ, ಬಾಟಲಿಯನ್ನು ಜೊತೆಗೆ ಒಯ್ದು ತೋರಿಸಿ, ‘ಇದರಲ್ಲಿ ಎಷ್ಟು ಮಿಲಿ?’ ಎಂದು ಕೇಳಿ, ಕನ್ನಡದಲ್ಲಿ ಬರೆಸಿಕೊಂಡ ಮೇಲೆಯೇ ಕುರ್ಚಿಯಿಂದ ಏಳೋಣ. ಫೀಸು ಕೊಟ್ಟಿದ್ದೇವೆ, ಸರ್ಕಾರಿ ಆಸ್ಪತ್ರೆಯಾದರೆ ತೆರಿಗೆ ಕೊಟ್ಟಿದ್ದೇವೆ. ಉತ್ತರ ಪಡೆಯುವುದು ನಮ್ಮ ಹಕ್ಕು.