ಸ್ವಾಪ್ ಎಷ್ಟಿರಬೇಕು? ಅಳೆದು ನೋಡಿ ಹೇಳೋಣ

ನಮ್ಮ ಲ್ಯಾಬಿನ ಹಳೆಯ ಕಂಪ್ಯೂಟರುಗಳಿಗೆ ಉಬುಂಟು ಹಾಕುವಾಗ ಒಂದು ವಾದ ಎದ್ದಿತು. ಯಂತ್ರದಲ್ಲಿ ಇರುವುದು 4 ಜಿಬಿ ರ್‍ಯಾಮ್. ಸ್ವಾಪ್‌ಗೆ ಎಷ್ಟು ಜಾಗ ಬಿಡಬೇಕು? "ರ್‍ಯಾಮಿನ ಎರಡು ಪಟ್ಟು, ಕಣ್ಣು ಮುಚ್ಚಿ 8 ಜಿಬಿ ಕೊಡಿ" ಎಂದರು ಕೆಲವರು. "ಸ್ವಾಪ್ ಇದ್ದರೆ ಕಂಪ್ಯೂಟರ್ ನಿಧಾನ ಆಗುತ್ತದೆ, ಬೇಡವೇ ಬೇಡ" ಎಂದರು ಇನ್ನು ಕೆಲವರು. ಇಬ್ಬರದೂ ತಪ್ಪು ಎಂದು ನನ್ನ ಅಭಿಪ್ರಾಯ.

ನಿಪ್ಪಾಣಿಯ ತಂಬಾಕು ವ್ಯಾಪಾರಿಯ ಅಂಗಡಿಯನ್ನು ನೆನೆಸಿಕೊಳ್ಳಿ. ದಿನವೂ ಬೇಕಾಗುವ ಮಾಲು ಕೈಗೆ ಸಿಗುವಂತೆ ಅಂಗಡಿಯಲ್ಲಿ ಇರುತ್ತದೆ. ಅಪರೂಪಕ್ಕೆ ಕೇಳುವುದು ಹಿಂದಿನ ಗೋದಾಮಿಗೆ ಹೋಗುತ್ತದೆ. ರ್‍ಯಾಮ್ ಎಂದರೆ ಅಂಗಡಿ, ಡಿಸ್ಕಿನಲ್ಲಿರುವ ಸ್ವಾಪ್ ಎಂದರೆ ಗೋದಾಮು. ಈ ಉಪಾಯ ಹೊಸದೇನಲ್ಲ. 1962ರಲ್ಲಿ ಮ್ಯಾಂಚೆಸ್ಟರಿನ ಅಟ್ಲಾಸ್ ಕಂಪ್ಯೂಟರ್ ಚಿಕ್ಕ ಮೆಮೊರಿಯ ಹಿಂದೆ ದೊಡ್ಡ ಡ್ರಮ್ ಇಟ್ಟುಕೊಂಡು ಇದನ್ನೇ ಮಾಡಿತ್ತು.

ಗೋದಾಮು ಇಲ್ಲದ ಅಂಗಡಿಯಲ್ಲಿ ಮಾಲು ತುಂಬಿದರೆ ಏನು ಗತಿ? ಸ್ವಾಪ್ ಇಲ್ಲದ ಲಿನಕ್ಸಿನಲ್ಲಿ ರ್‍ಯಾಮ್ ತುಂಬಿದರೆ ಕರ್ನಲ್ ಯಾವುದೋ ಒಂದು ಪ್ರೊಗ್ರಾಮನ್ನು ಕೊಂದೇ ಬಿಡುತ್ತದೆ. ಅದು ನೀವು ಇನ್ನೂ ಸೇವ್ ಮಾಡದ ಪ್ರಾಕ್ಟಿಕಲ್ ಆಗಿರಬಹುದು. ಆದ್ದರಿಂದ ಸ್ವಾಪ್ ಬೇಕು.

ಹಾಗೆಂದು ಎರಡು ಪಟ್ಟೇಕೆ? ಆ ಲೆಕ್ಕ ಹುಟ್ಟಿದ್ದು ರ್‍ಯಾಮನ್ನು ಎಂಬಿಗಳಲ್ಲಿ ಎಣಿಸುತ್ತಿದ್ದ ಕಾಲದಲ್ಲಿ. ಇಂದು ರೆಡ್ ಹ್ಯಾಟ್ ಕಂಪನಿಯ ಮಾರ್ಗಸೂಚಿಯೇ ಬೇರೆ ಹೇಳುತ್ತದೆ: 2 ಜಿಬಿ ರ್‍ಯಾಮಿನವರೆಗೆ ಎರಡು ಪಟ್ಟು, 2ರಿಂದ 8 ಜಿಬಿವರೆಗೆ ರ್‍ಯಾಮಿನಷ್ಟೇ, 8 ಮೀರಿ 64 ಜಿಬಿವರೆಗೆ ಕನಿಷ್ಠ 4 ಜಿಬಿ. ಅದರ ಪ್ರಕಾರ ನಮ್ಮ ಯಂತ್ರಗಳಿಗೆ 4 ಜಿಬಿ ಸಾಕು.

"ಕರೆಂಟ್ ಹೋದರೆ ಹೈಬರ್ನೇಟ್ ಆಗಲು ಹೆಚ್ಚು ಬೇಕಲ್ಲ?" ಎಂದು ಒಬ್ಬ ಗೆಳೆಯ ಕೇಳಿದ. ಹೈಬರ್ನೇಟ್ ಮಾಡುವುದಾದರೆ ಹೆಚ್ಚು ಸ್ವಾಪ್ ಬೇಕು, ನಿಜ. ಆದರೆ ರ್‍ಯಾಮಿನಲ್ಲಿದ್ದುದನ್ನು ಡಿಸ್ಕಿಗೆ ಬರೆಯುವುದಕ್ಕೂ ಕರೆಂಟ್ ಬೇಕು. ಬ್ಯಾಟರಿ ಇರುವ ಲ್ಯಾಪ್‌ಟಾಪಿಗೆ ಆ ಮಾತು ಸರಿ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿಗೆ ಎಷ್ಟು ಸ್ವಾಪ್ ಕೊಟ್ಟರೂ ಉಪಯೋಗವಿಲ್ಲ. ಅಲ್ಲಿ ಆಗಾಗ ಸೇವ್ ಮಾಡುವುದೊಂದೇ ದಾರಿ.

ನನ್ನ ಮುಖ್ಯ ಮಾತು ಇನ್ನು ಬರುತ್ತದೆ. ಪ್ರತಿ ಗಿರಾಕಿಗೂ ಗೋದಾಮಿಗೆ ಓಡಬೇಕಾದರೆ ಗೋದಾಮು ದೊಡ್ಡದು ಮಾಡಿ ಏನು ಫಲ? ಅಂಗಡಿಯನ್ನೇ ದೊಡ್ಡದು ಮಾಡಬೇಕು. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಒಂದು ಮಾಹಿತಿ ಹುಡುಕಲು ಸುಮಾರು 10 ಮಿಲಿಸೆಕೆಂಡ್ ಹಿಡಿಯುತ್ತದೆ. ರ್‍ಯಾಮ್ ಅದಕ್ಕಿಂತ ಸುಮಾರು ಲಕ್ಷ ಪಟ್ಟು ವೇಗ. ಬ್ರೌಸರಿನಲ್ಲಿ ಹತ್ತು ಟ್ಯಾಬ್ ತೆರೆದಾಗ ಮೌಸ್ ಕೂಡ ಅಲುಗಾಡದೆ ನಿಲ್ಲುವುದು ಇದೇ ಓಡಾಟದಿಂದ. 4 ಜಿಬಿ ಸ್ವಾಪನ್ನು 8 ಮಾಡಿದರೆ ಆ ಕಾಯುವಿಕೆ ಉದ್ದವಾಗಬಹುದೇ ಹೊರತು ಕಡಿಮೆ ಆಗದು.

ಅದಕ್ಕೆ ನನ್ನ ಸಲಹೆ ಇಷ್ಟು. ಎಲ್ಲ ಯಂತ್ರಗಳಿಗೂ 4 ಜಿಬಿ ಸ್ವಾಪ್ ಫೈಲ್ ಕೊಡೋಣ. 2017ರ 17.04 ಆವೃತ್ತಿಯಿಂದ ಉಬುಂಟು ಸಾಮಾನ್ಯವಾಗಿ ಪಾರ್ಟಿಶನ್ ಬದಲು ಫೈಲನ್ನೇ ಬಳಸುತ್ತಿದೆ. ಬೇಕೆಂದಾಗ ಹಿಗ್ಗಿಸಬಹುದು, ಕುಗ್ಗಿಸಬಹುದು. ಆಮೇಲೆ ಪ್ರಾಕ್ಟಿಕಲ್ ನಡೆಯುವ ಒಂದು ವಾರ ಪ್ರತಿ ಬ್ಯಾಚಿನವರು ಟರ್ಮಿನಲ್ಲಿನಲ್ಲಿ 'ವಿಎಂಸ್ಟ್ಯಾಟ್ 1' ಆದೇಶ ಓಡಿಸಿ 'ಎಸ್‌ಐ', 'ಎಸ್‌ಒ' ಎಂಬ ಎರಡು ಕಂಬಗಳನ್ನು ನೋಡಿ ವಹಿಯಲ್ಲಿ ಬರೆಯಲಿ. ಮೊದಲ ಸಾಲು ಯಂತ್ರ ಶುರುವಾದಾಗಿನಿಂದ ಇಲ್ಲಿಯವರೆಗಿನ ಸರಾಸರಿ, ಅದನ್ನು ಬಿಡಿ. ಉಳಿದ ಸಾಲುಗಳಲ್ಲಿ ಹೆಚ್ಚಾಗಿ ಸೊನ್ನೆ ಇದ್ದರೆ ಸ್ವಾಪ್ ಒಂದಿಷ್ಟು ತುಂಬಿದ್ದರೂ ಚಿಂತೆಯಿಲ್ಲ. ಅಂಕಿಗಳು ಬಿಡದೆ ಓಡುತ್ತಿದ್ದರೆ ಆ ಯಂತ್ರಕ್ಕೆ ರ್‍ಯಾಮ್ ಬೇಕು ಎಂದರ್ಥ.

ಆ ವಹಿಯನ್ನು ಆಡಳಿತ ಮಂಡಳಿಯ ಮುಂದಿಡೋಣ. "ಕಂಪ್ಯೂಟರ್ ಸ್ಲೋ ಇದೆ" ಎಂಬ ದೂರಿಗೆ "ನೋಡೋಣ" ಎಂಬ ಉತ್ತರ ಬರುತ್ತದೆ. "ಇಂತಿಷ್ಟು ಯಂತ್ರಗಳಿಗೆ ಮಾತ್ರ ಇನ್ನೊಂದು 4 ಜಿಬಿ ರ್‍ಯಾಮ್ ಸಾಕು, ಹೊಸ ಕಂಪ್ಯೂಟರ್ ಬೇಡ" ಎಂಬ ಲೆಕ್ಕಕ್ಕೆ ಹಾಗೆ ಹೇಳುವುದು ಕಷ್ಟ.

ಅಂಕಲಿ, ಸದಲಗಾ, ರಾಯಬಾಗ ಕಡೆಯಿಂದ ಬಸ್ಸು ಹಿಡಿದು ಬರುವ ನಮ್ಮಲ್ಲಿ ಅನೇಕರ ಮನೆಯಲ್ಲಿ ಕಂಪ್ಯೂಟರ್ ಇಲ್ಲ. ವಾರದಲ್ಲಿ ಲ್ಯಾಬಿನಲ್ಲಿ ಸಿಗುವ ಆ ಕೆಲವು ಗಂಟೆಗಳೇ ಅವರ ಪಾಲು. ಹರಿಯುವ ಹೊಳೆಯ ದಂಡೆಯಲ್ಲಿ ವುಝೂ ಮಾಡುವಾಗಲೂ ನೀರು ಪೋಲು ಮಾಡಬಾರದೆಂದು ನಮಗೆ ಕಲಿಸಿದ್ದಾರೆ. ಡಿಸ್ಕಿನ ಜಾಗಕ್ಕೂ ದಾನಿಗಳ ಹಣಕ್ಕೂ ಆ ಮಾತು ಸಲ್ಲುತ್ತದೆ. ಪರದೆಯ ಮುಂದೆ ಕಾಯುತ್ತ ಕುಳಿತ ವಿದ್ಯಾರ್ಥಿಯ ಸಮಯಕ್ಕೆ ಇನ್ನೂ ಹೆಚ್ಚು ಸಲ್ಲುತ್ತದೆ.