ಜನಗಣತಿಗೆ ಸಿಗದ ಅತಿಥಿ

2021ರ ಅಕ್ಟೋಬರಿನಲ್ಲಿ ಪೆಸಿಫಿಕ್ ಸಾಗರದ ನಡುಮಧ್ಯದ ಒಂದು ದ್ವೀಪದವರು ಒಂದೇ ಒಂದು ಪ್ರಶ್ನೆಗೆ ಮತ ಹಾಕಿದರು. ಬರುವ ಜನವರಿಯಿಂದ ಪ್ರವಾಸಿಗರನ್ನು ಒಳಗೆ ಬಿಟ್ಟುಕೊಳ್ಳೋಣವೇ, ಬೇಡವೇ? ಆ ದ್ವೀಪ ರಾಪಾ ನುಯಿ. ನಮ್ಮ ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಅದರ ಹೆಸರು ಈಸ್ಟರ್ ದ್ವೀಪ. ಮೊಆಯಿ ಎಂಬ ದೈತ್ಯ ಕಲ್ಲುಮೂರ್ತಿಗಳಿಂದ ಅದಕ್ಕೆ ಲೋಕಪ್ರಸಿದ್ಧಿ. ಚಿಲಿ ದೇಶಕ್ಕೆ ಸೇರಿದ್ದರೂ ಅಲ್ಲಿನ ಕರಾವಳಿಯಿಂದ ಮೂರೂವರೆ ಸಾವಿರ ಕಿಲೋಮೀಟರಿಗೂ ದೂರ. 2017ರ ಜನಗಣತಿಯ ಪ್ರಕಾರ ಜನ 7,750. ಕೋವಿಡ್‌ಗೆ ಮೊದಲು ವರ್ಷಕ್ಕೆ ಬರುತ್ತಿದ್ದ ಪ್ರವಾಸಿಗರು ಒಂದು ಲಕ್ಷದ ಮೇಲೆ. ಅಂಗಡಿ, ಹೋಟೆಲು, ಟ್ಯಾಕ್ಸಿ, ಮರದ ಕೆತ್ತನೆ, ಎಲ್ಲರ ಅನ್ನವೂ ಅವರಿಂದಲೇ. 2020ರ ಮಾರ್ಚಿನಲ್ಲಿ ವಿಮಾನ ನಿಂತ ಮೇಲೆ ಒಂದೂವರೆ ವರ್ಷ ಆ ಅನ್ನ ಇರಲಿಲ್ಲ. ಆದರೂ ಮತ ಹಾಕಿದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಇನ್ನೂ ಬೇಡ ಎಂದರು.

ಹೊಟ್ಟೆಗೆ ಕಲ್ಲು ಹಾಕಿಕೊಳ್ಳುವ ಈ ನಿರ್ಧಾರಕ್ಕೆ ಕಾರಣ ಹುಡುಕಲು 160 ವರ್ಷ ಹಿಂದಕ್ಕೆ ಹೋಗಬೇಕು. 1862ರ ಕೊನೆಯಲ್ಲಿ ಪೆರುವಿನಿಂದ ಹಡಗುಗಳು ಬಂದು ದ್ವೀಪದ ಸುಮಾರು ಸಾವಿರದೈನೂರು ಜನರನ್ನು ಗುಲಾಮಗಿರಿಗೆ ಹೊತ್ತೊಯ್ದವು. ದೊಡ್ಡ ಗಲಾಟೆಯಾದ ಮೇಲೆ ಅಳಿದುಳಿದವರನ್ನು ಹಿಂದಕ್ಕೆ ಕಳಿಸಿದರು. ದಾರಿಯಲ್ಲೇ ಬಹುತೇಕರು ಸತ್ತು, ದಡ ಮುಟ್ಟಿದ ಬೆರಳೆಣಿಕೆಯ ಜನರ ಜೊತೆ ಸಿಡುಬು ಇಳಿಯಿತು. 1877ರಲ್ಲಿ ಎಣಿಸಿದಾಗ ಇಡೀ ದ್ವೀಪದಲ್ಲಿ ಉಳಿದಿದ್ದವರು 111 ಜನ. ಇಂದು ಅಲ್ಲಿರುವ ಮೂಲನಿವಾಸಿಗಳಿಗೆ ಅದು ಅಜ್ಜನ ಅಜ್ಜ ಕಂಡ ಸಂಗತಿ. ಹಡಗು ಬಂದರೆ ಏನಾಗುತ್ತದೆ ಎಂದು ಆ ಮನೆಗಳಲ್ಲಿ ಯಾವ ತಜ್ಞರೂ ಹೇಳಿಕೊಡಬೇಕಿಲ್ಲ.

2020ರ ಮಾರ್ಚಿನಲ್ಲಿ ಅಲ್ಲಿಗೂ ಕೊರೊನಾ ಬಂತು. ಐದು ಪ್ರಕರಣಗಳು. ಮನೆಮನೆ ಬಾಗಿಲು ಹಾಕಿ, ಕೆಲವೇ ವಾರಗಳಲ್ಲಿ ಸೋಂಕನ್ನು ಅಲ್ಲಿಗೇ ನಿಲ್ಲಿಸಿದರು. ಅವರ ಕೈಯಲ್ಲಿದ್ದದ್ದು ಒಂದು ಆಸ್ಪತ್ರೆ, ಬೆರಳ ಮೇಲೆ ಎಣಿಸುವಷ್ಟು ವೆಂಟಿಲೇಟರು. ಪ್ರವಾಸಿಗರಿಲ್ಲದೆ ಖಾಲಿ ಕುಳಿತವರು ಹಿತ್ತಲಲ್ಲಿ ತರಕಾರಿ ಬೆಳೆಯತೊಡಗಿದರು, ಕೆಲವರು ಮೀನಿಗೆ ಹೋದರು. ಕೊನೆಗೆ ಪ್ರವಾಸಿಗರ ವಿಮಾನ ಇಳಿದದ್ದು 2022ರ ಆಗಸ್ಟ್ 4ರಂದು. ಈ ಕಥೆಯಲ್ಲಿ ನನ್ನ ಕಣ್ಣು ಹೋಗುವುದು ಮತಪೆಟ್ಟಿಗೆಯ ಕಡೆಗೆ. ಹೌದೋ ಅಲ್ಲವೋ, ಅಂತೂ ಅವರನ್ನು ಕೇಳಿದರಲ್ಲ!

ನಮ್ಮಲ್ಲಿ ಯಾರೂ ಯಾರನ್ನೂ ಕೇಳಲಿಲ್ಲ. ಕೊಡಗನ್ನೇ ನೋಡಿ. ಮೊದಲ ಲಾಕ್‌ಡೌನಿನಲ್ಲಿ ಒಂದು ಆದೇಶ ಬಂತು, ಹೋಂಸ್ಟೇ ಮುಚ್ಚಿದವು. 2020ರ ಜೂನ್ 8ರಿಂದ ಹೋಟೆಲು ತೆರೆಯಬಹುದು ಎಂದು ಇನ್ನೊಂದು ಆದೇಶ ಬಂತು, ತೆರೆದವು. 2021ರ ಜುಲೈನಲ್ಲಿ ಎರಡನೇ ಅಲೆಯ ಬೇಲಿ ತೆಗೆದದ್ದೇ ತಡ, ವಾರಾಂತ್ಯಕ್ಕೆ ಕುಶಾಲನಗರದ ಕಾವೇರಿ ಸೇತುವೆ ದಾಟುವ ಕಾರುಗಳ ಸಾಲು ಮತ್ತೆ ಬೆಳೆಯಿತು. ಆಗಸ್ಟಿನಲ್ಲಿ ಕೇರಳ, ಮಹಾರಾಷ್ಟ್ರದ ಗಡಿಗೆ ತಾಗಿದ ಎಂಟು ಜಿಲ್ಲೆಗಳಿಗೆ ವಾರಾಂತ್ಯದ ಕರ್ಫ್ಯೂ ಬಂತು, ಕೊಡಗೂ ಅದರಲ್ಲಿತ್ತು. ತೆರೆ ಎಂದರೆ ತೆರೆದು, ಮುಚ್ಚು ಎಂದರೆ ಮುಚ್ಚಿ, ಗೇಟು ಕಾಯುವ ಕೆಲಸವಷ್ಟೇ ಊರಿನವರದು. ಚಿಕ್ಕಮಗಳೂರಿನ ಕಥೆಯೂ ಇದೇ. 2020ರ ಮೇ ಮಧ್ಯದವರೆಗೂ ಹಸಿರು ವಲಯವಾಗಿದ್ದ ಜಿಲ್ಲೆ ಅದು. ಮರುವರ್ಷದ ಮಳೆಗಾಲದಲ್ಲಿ ಮುಳ್ಳಯ್ಯನಗಿರಿಗೆ ಹತ್ತುವ ವಾಹನಗಳಿಗೆ ಮಿತಿ ಹಾಕಬೇಕಾಯಿತು.

ಆ ದಿನಗಳಲ್ಲಿ ಮಲೆನಾಡಿನವರು ‘ದಯವಿಟ್ಟು ಈಗ ಬರಬೇಡಿ’ ಎಂದಾಗ ಬೆಂಗಳೂರಿನ ಹಲವರಿಗೆ ಅದು ಒರಟುತನವಾಗಿ ಕೇಳಿಸಿತು. ‘ನಮ್ಮ ದುಡ್ಡು ಬೇಕು, ನಾವು ಬೇಡವೇ’ ಎಂಬ ಕುಹಕವೂ ಓಡಾಡಿತು. ಊರಿನವರ ಭಯವನ್ನು ಮನೋವಿಕಾರವೆಂದೂ ಪ್ರವಾಸಿಯ ಆಸೆಯನ್ನು ಹಕ್ಕೆಂದೂ ನೋಡುವ ಅಭ್ಯಾಸ ನಮಗಿದೆ. ನನಗೆ ಕಾಣುವಂತೆ ಆ ಭಯದ ತಳದಲ್ಲಿ ಇದ್ದದ್ದು ಶುದ್ಧ ಲೆಕ್ಕ.

ಲೆಕ್ಕ ಹೀಗೆ. ನಮ್ಮ ದೇಶದಲ್ಲಿ ಬಯಲುಸೀಮೆಯಲ್ಲಿ 30,000 ಜನರಿಗೆ, ಗುಡ್ಡಗಾಡಿನಲ್ಲಿ 20,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕೆಂಬುದು ನಿಯಮ. ಜನ ಎಂದರೆ ಜನಗಣತಿಯವರು ಬಂದಾಗ ಮನೆಯಲ್ಲಿದ್ದವರು. 2011ರ ಲೆಕ್ಕದಲ್ಲಿ ಕೊಡಗಿನ ಜನಸಂಖ್ಯೆ 5,54,519. ಹಾಸಿಗೆ, ಆಮ್ಲಜನಕದ ಸಿಲಿಂಡರು, ದಾದಿಯರ ಹುದ್ದೆ, ಎಲ್ಲವೂ ಈ ಸಂಖ್ಯೆಯ ಸುತ್ತಲೇ ಗಿರಕಿ ಹೊಡೆಯುತ್ತವೆ. ವರ್ಷವಿಡೀ ಬಂದುಹೋಗುವ ಲಕ್ಷಾಂತರ ಪ್ರವಾಸಿಗರು ಪ್ರವಾಸೋದ್ಯಮ ಇಲಾಖೆಯ ವರದಿಯಲ್ಲಿ ಸಾಧನೆಯಾಗಿ ಕಾಣಿಸಿಕೊಳ್ಳುತ್ತಾರೆ, ಆರೋಗ್ಯ ಇಲಾಖೆಯ ಕಡತದಲ್ಲಿ ಅವರಿಲ್ಲ. ಜಿಲ್ಲೆಗೆ ರೈಲಿಲ್ಲ. ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜು ಶುರುವಾದದ್ದೇ 2016ರಲ್ಲಿ. ಕಾಯಿಲೆ ಕೈಮೀರಿದರೆ ಮೈಸೂರಿಗೋ ಮಂಗಳೂರಿಗೋ ಓಡಬೇಕು. ಎರಡೂ ನೂರು ಕಿಲೋಮೀಟರಿಗಿಂತ ಆಚೆ, ಅದೂ ಮಳೆಗಾಲದಲ್ಲಿ ಯಾವಾಗ ಕುಸಿಯುವುದೋ ಎಂಬ ರಸ್ತೆಯಲ್ಲಿ. ಇಷ್ಟನ್ನು ಬಲ್ಲವರು ಸೇತುವೆಯ ಮೇಲಿನ ಕಾರುಗಳನ್ನು ಎಣಿಸಿ ಕಂಗಾಲಾದರೆ ಅದರಲ್ಲಿ ಆಶ್ಚರ್ಯವೇನಿದೆ? ಆ ಹಳೆಯ ಲೆಕ್ಕವನ್ನು ತಿದ್ದಬೇಕಿದ್ದ 2021ರ ಜನಗಣತಿಯನ್ನು ಇದೇ ಸಾಂಕ್ರಾಮಿಕದ ಕಾರಣಕ್ಕೆ ಮುಂದೂಡಿದರು ಎಂಬುದನ್ನೂ ಇಲ್ಲಿ ಸೇರಿಸಿಕೊಳ್ಳಬಹುದು.

ಸೋಂಕು ಊರೊಳಗೆ ಇಳಿಯುವ ದಾರಿಯನ್ನೂ ಸ್ವಲ್ಪ ಹತ್ತಿರದಿಂದ ನೋಡಬೇಕು. ‘ನಾವು ಯಾರನ್ನೂ ಮುಟ್ಟುವುದಿಲ್ಲ, ತೋಟದೊಳಗಿನ ಕಾಟೇಜಿನಲ್ಲಿ ಇದ್ದು ಬರುತ್ತೇವೆ’ ಎಂಬುದು ಪ್ರವಾಸಿಗರ ಸಾಮಾನ್ಯ ಸಮಜಾಯಿಷಿ. ಅವರು ಭಾನುವಾರ ಮಧ್ಯಾಹ್ನ ಹೊರಟ ಮೇಲೆ ಆ ಕೋಣೆಯ ಬಾಗಿಲು ತೆರೆಯುವವಳು ತೋಟದ ಕೂಲಿಯವರ ಲೈನ್ ಮನೆಯಿಂದ ಬರುವ ಹೆಂಗಸು. ಮುದುಡಿದ ಹಾಸಿಗೆ ಹೊದಿಕೆಯನ್ನು ಎರಡೂ ಕೈಯಲ್ಲಿ ಬಾಚಿ ಎದೆಗೊತ್ತಿಕೊಂಡು ಒಗೆಯುವ ಕಲ್ಲಿನವರೆಗೆ ಒಯ್ಯುತ್ತಾಳೆ. ಕುಡಿದಿಟ್ಟ ಲೋಟ, ಟವೆಲು, ಬಚ್ಚಲು ಎಲ್ಲವೂ ಅವಳದೇ ಪಾಲು. ಸಂಜೆ ಮರಳುವುದು ಒಂದೇ ಗೋಡೆಗೆ ಅಂಟಿಕೊಂಡ ಸಾಲು ಮನೆಗಳಿಗೆ. ಅಲ್ಲಿ ಅಂತರ ಕಾಯ್ದುಕೊಳ್ಳಿ ಎಂಬ ಮಾತು ಗೋಡೆಗೂ ನಗು ತರಿಸುತ್ತದೆ. ಹಾಗೆಯೇ ಮಾಂದಲಪಟ್ಟಿ ಬೆಟ್ಟಕ್ಕೆ ಜೀಪು ಓಡಿಸುವವನು. ಕುಲುಕುವ ದಾರಿಯಲ್ಲಿ ಹಿಂದೆ ಕುಳಿತವರ ಉಸಿರು, ಕೂಗು, ಹಾಡು ಎಲ್ಲ ಅವನ ಕತ್ತಿನ ಮೇಲೆಯೇ. ಸೋಂಕು ತಗಲಿದ ಮೇಲೆ ರೋಗಲಕ್ಷಣ ಕಾಣಿಸಲು ಸಾಮಾನ್ಯವಾಗಿ ಐದಾರು ದಿನ ಬೇಕಿತ್ತು. ಎರಡು ದಿನದ ಪ್ರವಾಸಿ ಕೆಮ್ಮುವ ಹೊತ್ತಿಗೆ ತನ್ನ ಫ್ಲ್ಯಾಟಿನಲ್ಲಿರುತ್ತಾನೆ. ತಾನು ಏನನ್ನಾದರೂ ಬಿಟ್ಟುಬಂದೆನೇ ಎಂಬುದು ಅವನಿಗೆ ತಿಳಿಯುವ ದಾರಿಯೇ ಇಲ್ಲ. ಹೋಂಸ್ಟೇಯ ಲಾಭ ಒಂದು ಮನೆಗೆ, ಅಪಾಯ ಲೈನ್ ಮನೆಯ ಇಡೀ ಸಾಲಿಗೆ. ಈ ಹಂಚಿಕೆ ಸರಿಯೇ ಎಂದು ಯಾವ ಆದೇಶವೂ ಯೋಚಿಸಿದ್ದು ನಾನು ಕಾಣೆ.

ಹೊರಗಿನವರು ಯಾರು ಎಂಬುದು ಮಾತ್ರ ಅಷ್ಟು ಸುಲಭದ ಪ್ರಶ್ನೆಯಲ್ಲ. 2020ರಲ್ಲಿ ನಮ್ಮ ಹಳ್ಳಿಗಳು ಮುಳ್ಳುಕಂಟಿ ಅಡ್ಡ ಹಾಕಿ, ರಸ್ತೆಗೆ ಗುಂಡಿ ತೋಡಿ ಕಾವಲು ಕುಳಿತಾಗ ಎಲ್ಲರ ಕಣ್ಣು ನಂಬರ್ ಪ್ಲೇಟಿನ ಮೇಲೆ. ಕೊಡಗಿನಲ್ಲಿ ಕೆಎ 12 ಇದ್ದರೆ ನಮ್ಮವರು, ಕೆಎ 01ರಿಂದ 05 ಇದ್ದರೆ ಬೆಂಗಳೂರಿನವರು. ಆದರೆ ಬೆಂಗಳೂರಿನ ಆ ಕಾರಿನಲ್ಲಿ ಕೂತವನು ವಿರಾಜಪೇಟೆಯ ಯಾರದೋ ಮನೆ ಮಗನೇ ಆಗಿರಬಹುದು. ಕೊಡಗಿನ ಮೊದಲ ಪ್ರಕರಣ ಪತ್ತೆಯಾದದ್ದು 2020ರ ಮಾರ್ಚ್ 19ರಂದು, ದುಬೈಯಿಂದ ಊರಿಗೆ ಮರಳಿದವರೊಬ್ಬರಲ್ಲಿ. ಅನಂತಮೂರ್ತಿಯವರ ‘ಸಂಸ್ಕಾರ’ ಓದಿದವರಿಗೆ ನೆನಪಿರಬಹುದು. ದೂರ್ವಾಸಪುರಕ್ಕೆ ಪ್ಲೇಗು ಕಾಲಿಟ್ಟದ್ದು ಅಪರಿಚಿತನ ಜೊತೆಯಲ್ಲ, ಶಿವಮೊಗ್ಗಕ್ಕೆ ಹೋಗಿ ಜ್ವರ ಹೊತ್ತು ಬಂದ ಅಗ್ರಹಾರದವನೇ ಆದ ನಾರಣಪ್ಪನ ಜೊತೆ. ವೈರಾಣು ವಿಳಾಸ ನೋಡಿ ಬರುವುದಿಲ್ಲ. ಊರಿನವರಿಗೂ ಇದು ಗೊತ್ತಿತ್ತು. ಆದರೆ ಮಗನನ್ನು ತಡೆಯುವುದಕ್ಕಿಂತ ಪ್ರವಾಸಿಯನ್ನು ತಡೆಯುವುದು ಸುಲಭ, ಅಷ್ಟೆ.

ಪೂರ್ತಿ ತಡೆಯದೆಯೂ, ಪೂರ್ತಿ ಒಳಗೆ ಬಿಡದೆಯೂ ಇರುವ ಉಪಾಯವನ್ನು ಕಂಡುಹಿಡಿದದ್ದು ಆಡ್ರಿಯಾಟಿಕ್ ಕಡಲ ತಡಿಯ ರಗೂಸಾ ನಗರ, ಈಗಿನ ಡುಬ್ರೋವ್ನಿಕ್. 1377ರಲ್ಲಿ ಅಲ್ಲಿನ ಮಹಾಸಭೆ ಒಂದು ಕಾನೂನು ಮಾಡಿತು. ಪ್ಲೇಗಿನ ಊರಿಂದ ಬಂದವರು ಮೃಕಾನ್ ಎಂಬ ನಡುಗಡ್ಡೆಯಲ್ಲೋ ಪಕ್ಕದ ಸಾವ್ತಾತ್ ಪಟ್ಟಣದಲ್ಲೋ ಒಂದು ತಿಂಗಳು ತಂಗಬೇಕು, ಆಮೇಲೆ ಒಳಗೆ. ವ್ಯಾಪಾರವೇ ಉಸಿರಾದ ಊರು ಬಾಗಿಲು ಮುಚ್ಚುವಂತಿರಲಿಲ್ಲ, ತೆರೆದಿಡುವಂತೆಯೂ ಇರಲಿಲ್ಲ, ಹಾಗಾಗಿ ಕಾಯಿಸಿತು. ವ್ಯಾಪಾರಿಗೆ ಒಂದು ತಿಂಗಳು ಕಾದರೆ ನಷ್ಟವಾದೀತು, ಸರಕು ಉಳಿಯುತ್ತದೆ. ನಮ್ಮ ಕಾಲದ ಪ್ರವಾಸಿಯ ಬಳಿ ಶನಿವಾರ, ಭಾನುವಾರ ಬಿಟ್ಟರೆ ಬೇರೆ ಸರಕೇ ಇಲ್ಲ. ಕಾಯಿಸಿದರೆ ಪ್ರವಾಸವೇ ಮುಗಿಯುತ್ತದೆ. ಆರುನೂರು ವರ್ಷ ದುಡಿದ ಉಪಾಯವೊಂದು ವಾರಾಂತ್ಯದ ಎದುರು ಸೋತಿತು. ಅದರ ಜಾಗಕ್ಕೆ ಬಂದದ್ದು 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ಕಾಗದ. ಮೊನ್ನೆ ನೆಗೆಟಿವ್ ಇದ್ದವನು ಇಂದು ಏನು ಎಂಬುದನ್ನು ಆ ಕಾಗದ ಹೇಳದು. ಆದರೂ ತಪಾಸಣಾ ಠಾಣೆಯಲ್ಲಿ ಎರಡೂ ಕಡೆಯವರಿಗೆ ಒಂದಿಷ್ಟು ಸಮಾಧಾನ.

ಹಾಗಾದರೆ ಪೂರ್ತಿ ಮುಚ್ಚಿಬಿಡುವುದೇ ವಾಸಿಯೇ? ಅದನ್ನೂ ನಾವು ಮಾಡಿ ನೋಡಿದ್ದೇವೆ. 2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕ ಕೇರಳದ ಗಡಿರಸ್ತೆಗಳಿಗೆ ಲಾರಿಗಟ್ಟಲೆ ಮಣ್ಣು ಸುರಿಯಿತು. ತಲಪಾಡಿಯಾಚೆಯ ಕಾಸರಗೋಡಿಗೆ ಆಸ್ಪತ್ರೆ ಎಂದರೆ ಮಂಗಳೂರು. ಅಲ್ಲಿ ಡಯಾಲಿಸಿಸ್ಸಿಗೆ, ಹೃದಯದ ಚಿಕಿತ್ಸೆಗೆ ಬರುತ್ತಿದ್ದವರಲ್ಲಿ ಕನ್ನಡ, ತುಳು, ಮಲಯಾಳ ಆಡುವ ಎಲ್ಲರೂ ಇದ್ದರು. ಆಂಬುಲೆನ್ಸ್ ಗಡಿಯಲ್ಲಿ ನಿಂತು ಹಲವರು ಪ್ರಾಣ ಬಿಟ್ಟರು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಮಾರಿಯನ್ನು ಗಡಿ ದಾಟಿಸಿ ಬರುವ ಆಚರಣೆ ನಮ್ಮ ಹಳ್ಳಿಗಳಿಗೆ ಹಳೆಯದು. ಗಡಿಯಾಚೆಯದೂ ಒಂದು ಊರು ಎಂಬುದು ಆ ಹೊತ್ತಿಗೆ ಯಾರಿಗೂ ನೆನಪಾಗುವುದಿಲ್ಲ. ಪ್ರವಾಸಿಯನ್ನು ತಡೆಯುವ ಬೇಲಿಗೂ ರೋಗಿಯನ್ನು ತಡೆಯುವ ಮಣ್ಣಿಗೂ ವ್ಯತ್ಯಾಸ ಮಾಡದ ಆಡಳಿತವನ್ನು ಊರಿನವರ ಆತಂಕದ ಹೆಸರಿನಲ್ಲಿ ಸಮರ್ಥಿಸಿಕೊಳ್ಳಲು ನಾನಂತೂ ಸಿದ್ಧನಿಲ್ಲ.

ಊರಿನವರೇ ಯಾವಾಗಲೂ ಬಲಿಪಶುಗಳು ಎನ್ನುವುದೂ ಸುಳ್ಳು. ಆಸ್ಟ್ರಿಯಾದ ಇಷ್‌ಗ್ಲ್ ಎಂಬ ಹಿಮಕ್ರೀಡೆಯ ಊರಿನಲ್ಲಿ ಸುಮಾರು 1,600 ಜನ. ಅಲ್ಲಿಂದ ಮರಳಿದವರಲ್ಲಿ ಸೋಂಕಿದೆ ಎಂದು ಐಸ್‌ಲ್ಯಾಂಡ್ 2020ರ ಮಾರ್ಚ್ 5ರಂದೇ ಎಚ್ಚರಿಸಿತು. ಸ್ಥಳೀಯ ಆಡಳಿತ ಅದನ್ನು ಹಗುರಾಗಿ ತೆಗೆದುಕೊಂಡಿತು. ಊರಿರುವ ಕಣಿವೆಗೆ ದಿಗ್ಬಂಧನ ಬಿದ್ದದ್ದು 13ರಂದು. ಅಷ್ಟರಲ್ಲಿ ಸೋಂಕು ಪ್ರವಾಸಿಗರ ಜೊತೆ ಯುರೋಪಿನ ನಾನಾ ದೇಶಗಳ ಮನೆ ಸೇರಿತ್ತು. ಏಪ್ರಿಲಿನಲ್ಲಿ ಊರಿನವರ ರಕ್ತ ಪರೀಕ್ಷಿಸಿದರೆ ಶೇಕಡ 42.4 ಜನರಲ್ಲಿ ಪ್ರತಿಕಾಯ. ಸೀಸನ್ನಿನ ನಾಲ್ಕು ದಿನದ ಆದಾಯಕ್ಕಾಗಿ ಕಣ್ಣು ಮುಚ್ಚಿಕೊಂಡ ಊರದು.

ಕೊಡಗಿನಲ್ಲಿಯೂ ಊರು ಒಂದೇ ದನಿಯಲ್ಲಿ ಮಾತಾಡಲಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು, 2019ರಲ್ಲಿ ಮತ್ತೆ ಕುಸಿದು, 2020ರಲ್ಲಿ ಕೊರೊನಾದ ನಡುವೆಯೇ ತಲಕಾವೇರಿಯ ಬೆಟ್ಟ ಜಾರಿತು. ಸಾಲ ಮಾಡಿ ಎರಡು ಕೋಣೆ ಕಟ್ಟಿಸಿದವನಿಗೆ ಮೂರು ಸೀಸನ್ ಸತತವಾಗಿ ಕೈಕೊಟ್ಟಿತ್ತು. ‘ಬರಲಿ, ಏನಾದರಾಗಲಿ’ ಎಂದ ಅವನನ್ನು ಆಸೆಬುರುಕ ಎನ್ನಲು ನನಗೆ ಬಾಯಿ ಬರುವುದಿಲ್ಲ. ‘ಬೇಡ’ ಎಂದ ಪಕ್ಕದ ಮನೆಯ ನಿವೃತ್ತ ಸೈನಿಕನೂ ಸುಮ್ಮನೆ ಹೆದರಿದವನಲ್ಲ. ಇಬ್ಬರೂ ಎದುರು ಬದುರು ಕೂತು ಜಗಳವಾಡಲು ಒಂದು ಜಾಗ ಬೇಕಿತ್ತು. ಗ್ರಾಮಸಭೆ ಎಂಬ ಜಾಗ ಕಾನೂನಿನಲ್ಲಿ ಇದೆ. ಆಶ್ರಯ ಮನೆಯ ಫಲಾನುಭವಿ ಪಟ್ಟಿ, ಚರಂಡಿ, ಬೀದಿದೀಪ ಬಿಟ್ಟರೆ ಅಲ್ಲಿ ಬೇರೆ ಮಾತು ಬರುವುದು ಅಪರೂಪ. ತಿಂಗಳಿಗೆ ಎಷ್ಟು ಕೋಣೆ ತೆರೆಯಬೇಕು, ಕೋಣೆ ಗುಡಿಸುವವಳಿಗೆ ಕಾಯಿಲೆಯಾದರೆ ಖರ್ಚು ಯಾರದು, ಊರಿನ ಆರೋಗ್ಯ ಕೇಂದ್ರದಲ್ಲಿ ಎಷ್ಟು ಸಿಲಿಂಡರು ಉಳಿದಿರುವವರೆಗೆ ಗೇಟು ತೆರೆದಿರಬಹುದು ಎಂದು ಅಲ್ಲಿ ತೀರ್ಮಾನಿಸಿದ್ದರೆ ತಪ್ಪುಗಳೇನೂ ಕಡಿಮೆಯಾಗುತ್ತಿರಲಿಲ್ಲವೇನೋ. ತಪ್ಪು ಯಾರದು ಎಂದು ಕೇಳಲು ಒಬ್ಬರಾದರೂ ಎದುರಿಗಿರುತ್ತಿದ್ದರು.

ತುಲಾ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ಜನ ಸೇರುವಾಗ ಜಿಲ್ಲಾಡಳಿತ ಮುಂಚೆಯೇ ಸಭೆ ಕರೆಯುತ್ತದೆ. ಬಸ್ಸು ಎಷ್ಟು, ಪೊಲೀಸರು ಎಷ್ಟು, ವೈದ್ಯರು ಎಲ್ಲಿ, ಆಂಬುಲೆನ್ಸ್ ಎಲ್ಲಿ, ಎಲ್ಲಕ್ಕೂ ಲೆಕ್ಕವಿರುತ್ತದೆ. ವರ್ಷಕ್ಕೊಮ್ಮೆ ಬರುವ ಜಾತ್ರೆಗೆ ಇದು ಸಾಧ್ಯವಾದರೆ, ಪ್ರತಿ ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಹೊರಡುವ ಜಾತ್ರೆಗೂ ಒಂದು ಸಭೆ ಕರೆಯಬಹುದು. ಅದಕ್ಕೆ ಮುಂದಿನ ಸಾಂಕ್ರಾಮಿಕ ಬರುವವರೆಗೆ ಕಾಯಬೇಕಿಲ್ಲ.